ಒಂದೇ ಕಾರ್ಡಿನಲ್ಲಿ ಒಂಬತ್ತು ಜನ: ಕೂಡುಕುಟುಂಬಕ್ಕೆ ನಷ್ಟವೇ?

ಉಡುಪಿ ಕಡೆಯ ನಿಮ್ಮ ಮನೆಯಲ್ಲಿ ಒಂಬತ್ತು ಜನ, ಬಿಪಿಎಲ್ ಕಾರ್ಡು ಒಂದೇ; ಬೇರೆ ಮಾಡಿಸದಿದ್ದರೆ ಸವಲತ್ತಿನಲ್ಲಿ ನಷ್ಟವೇ ಎಂದು ಕೇಳಿದ್ದೀರಿ. ನಷ್ಟವಿದೆ, ಆದರೆ ಅಕ್ಕಿಯಲ್ಲಲ್ಲ. ಬಿಪಿಎಲ್ ಅಕ್ಕಿ ತಲೆ ಲೆಕ್ಕದಲ್ಲಿ ಬರುತ್ತದೆ. (ಉಣ್ಣುವುದು ಕುಚ್ಚಲಕ್ಕಿ, ಸಿಗುವುದು ಹೆಚ್ಚಾಗಿ ಬಿಳಿಯ ಬೆಳ್ತಿಗೆ ಅಕ್ಕಿ ಎಂಬ ತಕರಾರು ಬೇರೆ.) ವಿಚಿತ್ರವಿರುವುದು ಕಡುಬಡವರಿಗೆ ಕೊಡುವ ಅಂತ್ಯೋದಯ ಕಾರ್ಡಿನಲ್ಲಿ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆ ಕಾರ್ಡಿಗೆ 35 ಕೆ.ಜಿ., ಮನೆಯಲ್ಲಿ ಎಷ್ಟೇ ಮಂದಿಯಿರಲಿ; ಬಿಪಿಎಲ್‌ನವರಿಗೆ ತಲೆಗೆ 5 ಕೆ.ಜಿ. ಎಂಟನೆಯವರು ಸೇರಿದರೆ ಕೇಂದ್ರದ ಪಾಲಿನಲ್ಲಿ ಕಡುಬಡವರ ಕಾರ್ಡೇ ಹಿಂದೆ ಬೀಳುತ್ತದೆ.

ಮನೆಯೊಡತಿಗೆ ತಿಂಗಳ ಹಣ ಕೊಡುವ ಗೃಹಲಕ್ಷ್ಮಿ ಕಾರ್ಡಿಗೊಬ್ಬರಿಗೆ ಮಾತ್ರ. ಸುರತ್ಕಲ್ ಕಡೆಯ ನಮ್ಮ ಮನೆಯಲ್ಲಿ ಅದು ಅತ್ತೆಯ ಹೆಸರಿಗೆ. ಹಣ ಬಂದ ಮೆಸೇಜನ್ನು ನಾನೋ ಓರಗಿತ್ತಿಯೋ ಬೀಡಿಯ ಗೆರಸೆ ಬದಿಗಿಟ್ಟು ಓದಿ ಹೇಳಬೇಕು. 2,000 ರೂಪಾಯಿಯಲ್ಲಿ ಗ್ಯಾಸ್ ಸಿಲಿಂಡರ್ ಮೊದಲು, ಅತ್ತೆಯ ಮಾತ್ರೆ ಆಮೇಲೆ. ಸೊಸೆಯರ ಸರದಿ ಬರುವುದೇ ಇಲ್ಲ. ಉಚಿತ ಕರೆಂಟಿನ ಗೃಹಜ್ಯೋತಿಯ ಮಿತಿಯೂ ತಲೆಯದಲ್ಲ, ಮೀಟರಿನದೇ. ಬಾವಿಯ ಪಂಪು, ಸೆಕೆಗೆ ಕೋಣೆಗೊಂದು ಫ್ಯಾನು, ಬೇಸಿಗೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು.

ನನಗೆ ನಿಜಕ್ಕೂ ಸಿಟ್ಟು ಬರುವುದು ಆದಾಯ ಮಿತಿಯ ಮೇಲೆ. ಬಿಪಿಎಲ್‌ಗೆ ವರ್ಷಕ್ಕೆ 1.20 ಲಕ್ಷ, ಅದೂ ಇಡೀ ಕುಟುಂಬಕ್ಕೆ. ಇಬ್ಬರೇ ಇರುವ ಮನೆಗೆ ತಿಂಗಳಿಗೆ ತಲಾ 5,000 ರೂಪಾಯಿಯಾಯಿತು, ನಿಮ್ಮಲ್ಲಿ ತಲಾ 1,111. ಅಣ್ಣ ಮೀನಿನ ದಕ್ಕೆಯಲ್ಲಿ, ತಮ್ಮ ಹೋಟೆಲಿನಲ್ಲಿ ದುಡಿದರೆ ಇಬ್ಬರ ಸಂಬಳ ಕೂಡಿಸುತ್ತಾರೆ. ಉಣ್ಣುವ ಬಾಯಿಗಳನ್ನು ಎಣಿಸುವವರಿಲ್ಲ. ಮಿತಿ ದಾಟಿ ಕಾರ್ಡು ರದ್ದಾದರೆ ಒಂಬತ್ತು ಜನರ ಅಕ್ಕಿಯೂ ಹೋಯಿತು. ಮಕ್ಕಳ ವಿಷಯದಲ್ಲೂ ಕಟ್ಟಳೆ ಇದೆ: ಬಡವರ ಹೆಣ್ಣುಮಕ್ಕಳ ಹೆಸರಿನಲ್ಲಿ ಸರ್ಕಾರ ಹಣವಿಡುವ ಭಾಗ್ಯಲಕ್ಷ್ಮಿ ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ, ಬಾಣಂತಿಯರಿಗೆ ನೆರವು ಕೊಡುವ ಕೇಂದ್ರದ ಮಾತೃ ವಂದನಾ ಯೋಜನೆಯಲ್ಲಿ ಎರಡನೆಯ ಹೆರಿಗೆಗೆ ಹಣ ಸಿಗುವುದು ಹೆಣ್ಣುಮಗುವಾದರೆ.

ಹಾಗೆಂದು 2,000 ರೂಪಾಯಿಗಾಗಿ ಕಾಗದದಲ್ಲಷ್ಟೇ ಪಾಲಾಗಬೇಡಿ. ಪರಿಶೀಲನೆಗೆ ಬಂದವರು ಅಡುಗೆಮನೆ ನೋಡಿದರೆ ಇರುವ ಕಾರ್ಡಿಗೂ ಸಂಚಕಾರ. ಒಲೆ ನಿಜವಾಗಿ ಬೇರೆಯಾಗಿದ್ದರೆ ಮಾತ್ರ ಹಿಂಜರಿಯಬೇಡಿ. ಬೇರೆಯಾಗುವವರ ಹೆಸರನ್ನು ಮೊದಲು ಹಳೆಯ ಕಾರ್ಡಿನಿಂದ ತೆಗೆಸಿ, ನಂತರ ಹೊಸದಕ್ಕೆ ಅರ್ಜಿ ಹಾಕಿಸಿ. ಒಂದೇ ಹೆಸರು ಎರಡು ಕಡೆ ಇರುವಂತಿಲ್ಲ.