ಕಣ್ಣು ಮುಚ್ಚಿ ಒಂದು ಜಾಗ ಕಲ್ಪಿಸಿಕೊಂಡರೆ ಗಾಬರಿ ನಿಜವಾಗಿ ಕಡಿಮೆಯಾಗುತ್ತದಾ?

ಬರುವ ವಾರ ಎಂಆರ್‌ಐ ಸ್ಕ್ಯಾನ್ ಇದೆ, ಕೊಳವೆಯಂಥ ಯಂತ್ರದೊಳಗೆ ಮಲಗಬೇಕು, ಇಕ್ಕಟ್ಟಿನ ಜಾಗ ಅಂದರೆ ಉಸಿರುಗಟ್ಟುತ್ತದೆ, ಯಾರೋ ಕಳಿಸಿದ ‘ಸಮುದ್ರದಂಡೆ’ಯ ಗೈಡೆಡ್ ಇಮೇಜರಿ (ಹೇಳಿದಂತೆ ಒಂದು ಜಾಗ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವ) ಆಡಿಯೋ ಕೇಳಿದರೂ ಏನೂ ಆಗಲಿಲ್ಲ ಅಂತ ಬರೆದಿದ್ದೀರಿ. ನನಗೂ ಆಗಿರಲಿಲ್ಲ. ನಾನು ಬಾಗಲಕೋಟೆಯವನು. ಸಮುದ್ರ ನೋಡಿದ್ದು ಒಂದೇ ಸಲ, ಕಾಲೇಜು ಟೂರಿನಲ್ಲಿ, ಅದೂ ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತ. ಅಲೆಯ ಸದ್ದು ಕೇಳಿದರೆ ನನಗೆ ನೆನಪಾಗುವುದು ಬಸ್ಸಿನ ಡೀಸೆಲ್ ವಾಸನೆ.

ಎರಡು ವರ್ಷದ ಹಿಂದೆ ಸೊಂಟನೋವಿಗೆ ಎಂಆರ್‌ಐ ಬರೆದುಕೊಟ್ಟಿದ್ದರು. ಒಳಗೆ ಹೋದ ಎರಡೇ ನಿಮಿಷಕ್ಕೆ ತಡೆಯಲಾಗದಿದ್ದರೆ ಒತ್ತಿ ಅಂತ ಕೈಗೆ ಕೊಟ್ಟಿದ್ದ ರಬ್ಬರ್ ಬುಗ್ಗೆ ಒತ್ತಿ ಹೊರಗೆ ಬಂದೆ. ನನಗಿಂತ ಮುಂಚೆ ಒಬ್ಬ ಅಜ್ಜಿ ಆರಾಮ ಮುಗಿಸಿಕೊಂಡು ಬಂದು ಚಹಾ ಕುಡಿಯುತ್ತ ಕೂತಿದ್ದರು. ಭಾಳ ನಾಚಿಕೆಯಾಯಿತು.

ಆಮೇಲೆ ಪರಿಚಯದ ಮನೋವೈದ್ಯರೊಬ್ಬರು ನಕ್ಕು, “ಸಮುದ್ರ ಯಾಕ್ ಬೇಕ್ರಿ ನಿಮಗ? ನಿಮ್ಮದೇ ಒಂದು ಜಾಗ ಹಿಡೀರಿ. ನೋಡಾಕ ಹೋಗಬ್ಯಾಡ್ರಿ, ಮೂಸಿರಿ, ಕೇಳಿರಿ, ಮುಟ್ಟಿರಿ” ಅಂದರು. ಹುಣಸೆಹಣ್ಣು ನೆನೆಸಿದರೆ ಸಾಕು, ಎದುರಿಗೆ ಇಲ್ಲದಿದ್ದರೂ ಬಾಯಲ್ಲಿ ನೀರೂರುತ್ತದಲ್ಲ, ಇದೂ ಹಂಗೇ ಅಂತ. ಕಣ್ಣು ಮುಚ್ಚಿದರೆ ಚಿತ್ರವೇ ಮೂಡದ ಜನರೂ ಇದ್ದಾರಂತೆ; ಅಂಥವರು ಸಪ್ಪಳ, ವಾಸನೆ ಹಿಡಿದೇ ಹೋಗಬಹುದು.

ನಾನು ಮೊದಲು ಹಿಡಿದದ್ದು ಹಳೇ ಬಾಗಲಕೋಟೆಯ ನಮ್ಮಜ್ಜಿ ಮನೆಯ ಪಡಸಾಲೆ. ತಪ್ಪಾಯಿತು. ಆ ಓಣಿ ಆಲಮಟ್ಟಿ ಹಿನ್ನೀರಿಗೆ ಹೋಗಿದೆ. ಸಮಾಧಾನದ ಬದಲು ಅಳು ಬಂತು. ಎಷ್ಟೇ ಪ್ರೀತಿಯ ಜಾಗವಾದರೂ ಸಂಕಟ ಅಂಟಿಕೊಂಡಿದ್ದರೆ ಈ ಕೆಲಸಕ್ಕೆ ಬೇಡ.

ಕೊನೆಗೆ ಬಾದಾಮಿಗೆ ಹೋದೆ, ಮನಸ್ಸಿನಲ್ಲೇ. ಅಗಸ್ತ್ಯ ತೀರ್ಥ ಅನ್ನುವ ಕೆರೆಯ ಮೆಟ್ಟಿಲು, ಬೆಳಗಿನ ಹೊತ್ತು, ಆ ತುದಿಗೆ ಭೂತನಾಥ ಗುಡಿ. ಕೂತ ಕಲ್ಲು ಇನ್ನೂ ತಣ್ಣಗಿದೆ. ಕಾಲಬೆರಳಿಗೆ ನೀರು, ಪಾಚಿಯ ವಾಸನೆ, ಬಾರ್ ಸೋಪಿನ ವಾಸನೆ. ಹೆಣ್ಣುಮಕ್ಕಳು ಕಲ್ಲಿಗೆ ಅರಿವಿ ಬಡಿಯುತ್ತಿದ್ದಾರೆ; ಒಂದು ಏಟು ಬಿದ್ದರೆ ಎದುರಿನ ಕೆಂಪು ಬಂಡೆ ಇನ್ನೊಂದು ಏಟು ತಿರುಗಿ ಕೊಡುತ್ತದೆ. ದಿನಾ ರಾತ್ರಿ ಹತ್ತು ನಿಮಿಷ, ಹತ್ತು ದಿನ ಅಲ್ಲಿಗೆ ಹೋಗಿಬಂದೆ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಹಂಗಾಗಿ ಬಿಡುವುದೇ ಉದ್ದ ಇರಬೇಕು. ಈ ರೂಢಿಯನ್ನು ಆರಾಮಿದ್ದಾಗಲೇ ಮಾಡಿಕೊಳ್ಳಬೇಕು. ಗಾಬರಿ ಹತ್ತಿದ ಮೇಲೆ ಜಾಗ ಹುಡುಕುತ್ತ ಕೂತರೆ ಸಿಗುವುದಿಲ್ಲ. ಎಂಆರ್‌ಐ ಯಂತ್ರ ಅಂದರೆ ದೊಡ್ಡ ಅಯಸ್ಕಾಂತ, ಆ ಕೋಣೆಗೆ ಫೋನ್ ಒಯ್ಯಲು ಬಿಡುವುದಿಲ್ಲ ಬೇರೆ, ಆಡಿಯೋ ನಂಬಿಕೊಂಡು ಹೋಗಬೇಡಿ.

ಎರಡನೇ ಸಲ ಹೋದಾಗ ಹಲಗೆ ಒಳಗೆ ಸರಿಯುವ ಮೊದಲೇ ಕಣ್ಣು ಮುಚ್ಚಿ, ಮೇಲೊಂದು ಬಟ್ಟೆ ಹಾಕಿಸಿಕೊಂಡೆ. ಯಂತ್ರ ಠಕ್ ಠಕ್ ಠಕ್ ಅಂತ ಶುರುವಾಯಿತು. ಅರೆ, ಇದು ಅರಿವಿ ಬಡಿಯುವ ಸಪ್ಪಳವೇ ಅನ್ನಿಸಿತು! ಕಿವಿಗೆ ಹತ್ತಿ ಇಟ್ಟದ್ದರಿಂದ ಇನ್ನಷ್ಟು ದೂರದಿಂದ ಬಂದಂಗೆ. ಇಪ್ಪತ್ತೈದು ನಿಮಿಷದಲ್ಲಿ ಎರಡು ಸಲ ಮನಸ್ಸು ಕೊಳವೆಯೊಳಗೆ ವಾಪಸ್ ಬಂತು, ಒಮ್ಮೆ ಬಾದಾಮಿಯ ಮಂಗವೊಂದು ಕರೆಯದೇ ಬಂದು ಪಕ್ಕ ಕೂತಿತು. ಬೈದುಕೊಳ್ಳದೆ ಮತ್ತೆ ಕಾಲು ನೀರಿಗಿಟ್ಟೆ. ಹೆದರಿಕೆ ಪೂರ್ತಿ ಹೋಯಿತು ಅಂತ ಸುಳ್ಳು ಹೇಳುವುದಿಲ್ಲ. ಬುಗ್ಗೆ ಕೈಯಲ್ಲೇ ಇತ್ತು, ಒತ್ತಲಿಲ್ಲ ಅಷ್ಟೇ.

ನಿಮ್ಮ ಭಯದ ವಿಷಯ ಸ್ಕ್ಯಾನ್ ಸೆಂಟರಿನವರಿಗೂ ಡಾಕ್ಟರಿಗೂ ಮೊದಲೇ ಹೇಳಿ. ಬೇಕಾದವರಿಗೆ ಗಾಬರಿ ಇಳಿಸುವ ಔಷಧ ಕೊಡುತ್ತಾರೆ, ಅದರಲ್ಲಿ ಸೋಲೇನೂ ಇಲ್ಲ. ಸ್ಕ್ಯಾನ್ ಇಲ್ಲದ ದಿನವೂ ಇಂಥ ಗಾಬರಿ ಮೇಲಿಂದ ಮೇಲೆ ಬರುತ್ತಿದ್ದರೆ ಬರೀ ಕಲ್ಪನೆ ಸಾಲದು; ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ.

ಹಾಂ, ಒಳಗೆ ಹೋಗುವ ಮುಂಚೆ ಒಂದಕ್ಕೆ ಹೋಗಿ ಬನ್ನಿ. ನೀರಿನ ದಂಡೆ ನೆನೆಸುವುದು ಆ ಒಂದು ವಿಷಯದಲ್ಲಿ ಭಾಳ ಕೆಟ್ಟದ್ದು.