ಡಿವೈನರ್‌ನ ಮೂರು ಫಿಲ್ಟರ್‌ಗಳ ಬಗ್ಗೆ

ಚಂದ್ರನನ್ನು ಸುತ್ತುತ್ತಿರುವ ನಾಸಾ ನೌಕೆಯಲ್ಲಿ ಚಂದ್ರನ ಮೇಲ್ಮೈಯ ಶಾಖವನ್ನು ಅಳೆಯುವ ಡಿವೈನರ್ ಉಪಕರಣದಲ್ಲಿ 8 ಮೈಕ್ರಾನ್ ತರಂಗಾಂತರದ ಸುತ್ತಲೇ ಮೂರು ಫಿಲ್ಟರ್ ಏಕೆ, ಒಂದೇ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಸಿಲಿಕೇಟ್ ಶಿಲೆಗಳ ಉಷ್ಣ ಹೊರಸೂಸುವಿಕೆ ಶಿಖರ ಮುಟ್ಟುವುದು ಅಲ್ಲೇ. ಸಿಲಿಕಾ ಹೆಚ್ಚಿದ್ದರೆ ಆ ಶಿಖರ ಕಡಿಮೆ ತರಂಗಾಂತರದತ್ತ, ಕಬ್ಬಿಣ, ಮೆಗ್ನೀಸಿಯಂ ಹೆಚ್ಚಿದ್ದರೆ ಹೆಚ್ಚಿನದರತ್ತ ಸರಿಯುತ್ತದೆ. ಸುಮಾರು 7.8, 8.25, 8.55 ಮೈಕ್ರಾನ್‌ಗಳಲ್ಲಿ ಮೂರು ಬಿಂದು ಸಿಕ್ಕರೆ ಅವುಗಳ ಮೂಲಕ ಪರವಲಯ ಎಳೆದು ಶಿಖರವನ್ನು ಹಿಡಿಯಬಹುದು. ಚಂದ್ರನ ಮೇಲಿನ ಗ್ರುಯಿತುಯ್ಸೆನ್ ಗುಮ್ಮಟಗಳು ಸಿಲಿಕಾ ಸಮೃದ್ಧವೆಂದು 2010ರಲ್ಲಿ ತೋರಿಸಿದ್ದು ಈ ಫಿಲ್ಟರ್‌ಗಳ ಅಳತೆಗಳಿಂದಲೇ.

ಇನ್ನು ಇಂಥ ಫಿಲ್ಟರ್‌ಗಳನ್ನು ಮಾಡುವುದು ಯಾವುದರಿಂದ? ಗಾಜಿನ ಮಾತು ಬಿಡಿ, ಅದು ಈ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳನ್ನು ಹಾಯಗೊಡುವುದೇ ಇಲ್ಲ. ಜರ್ಮೇನಿಯಂ ಬಿಲ್ಲೆ ಕಣ್ಣಿಗೆ ಲೋಹದಂತೆ ಅಪಾರದರ್ಶಕ, ಇವಕ್ಕೆ ಮಾತ್ರ ಪಾರದರ್ಶಕ! ಬೇಕಾದ ತರಂಗಾಂತರವಷ್ಟೇ ಹಾಯಲೆಂದು ಇಂಥ ಬಿಲ್ಲೆಗಳ ಮೇಲೆ ಲೆಡ್ ಟೆಲ್ಲುರೈಡ್, ಜಿಂಕ್ ಸಲ್ಫೈಡ್‌ಗಳನ್ನು ಪದರಪದರವಾಗಿ ಲೇಪಿಸುವುದು ವಾಡಿಕೆ. ತಣಿದಾಗ ಫಿಲ್ಟರ್ ಹಾಯಗೊಡುವ ತರಂಗಾಂತರಗಳ ಪಟ್ಟಿ ತುಸು ಜರುಗುತ್ತದೆ. ಹಾಗಾಗಿ ಯಾವ ತರಂಗಾಂತರ ಎಷ್ಟು ಹಾಯುತ್ತದೆಂದು ಕೋಣೆಯ ಉಷ್ಣತೆಯಲ್ಲಿ ಅಳೆದ ವಕ್ರರೇಖೆಯನ್ನೇ ಲೆಕ್ಕಕ್ಕೆ ಬಳಸಬೇಡಿ.