ನಮ್ಮೂರಿನ ಹಳೇ ಶಾಸನ, ವೀರಗಲ್ಲುಗಳನ್ನೆಲ್ಲ ಒಂದು ಕಡೆ ತಂದು ಮ್ಯೂಸಿಯಂ ಮಾಡಬೇಕು ಅಂತಿದ್ದೇವೆ. ಇತಿಹಾಸ ಸಂಘ ಕಟ್ಟೋದು ಹೇಗೆ?

ಸಂಘ ಖಂಡಿತ ಕಟ್ಟಿ. ಕಲ್ಲುಗಳನ್ನು ಮಾತ್ರ ಒಂದು ಕಡೆ ತರಬೇಡಿ. ನಾವು ಅದನ್ನೇ ಮಾಡಿ ಕಳೆದುಕೊಂಡೆವು.

ನಮ್ಮೂರು ಕೋಲಾರದ ಕಡೆ. ಕೆರೆ ಏರಿ ಪಕ್ಕ ಜಾಲಿ ಪೊದೆಯೊಳಗೆ ಒಂದು ಶಾಸನದ ಕಲ್ಲಿತ್ತು. ಮೇಲೆ ಸೂರ್ಯ ಚಂದ್ರ, ಕೆಳಗೆ ಹಳೆಯ ಕನ್ನಡ ಅಕ್ಷರ. ದನಗಳು ಅದಕ್ಕೆ ಮೈ ಉಜ್ಜುತ್ತಿದ್ದವು, ಜನ ಕುಡುಗೋಲು ಮಸೆಯುತ್ತಿದ್ದರು. ನೋಡಿ ಹೊಟ್ಟೆ ಉರಿಯುತ್ತಿತ್ತು. ನಾಲ್ಕಾರು ಜನ ಸೇರಿ ಸಂಘ ಮಾಡಿಕೊಂಡೆವು. ಮೊದಲ ಕೆಲಸವೇ ಜೆಸಿಬಿ ತರಿಸಿ, ಕಲ್ಲನ್ನು ಎತ್ತಿ ದೇವಸ್ಥಾನದ ಅಂಗಳಕ್ಕೆ ತಂದಿದ್ದು. ಗುಂಡಿ ತೋಡಿ, ಕಲ್ಲು ನಿಲ್ಲಿಸಿ, ಸುತ್ತ ಕಾಂಕ್ರೀಟ್ ಹಾಕಿದೆವು. ಪೂಜೆಯೂ ಆಯ್ತು.

ಎತ್ತುವ ಮೊದಲು ಒಂದೇ ಒಂದು ಫೋಟೊ ತೆಗೆಯಲಿಲ್ಲ. ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿತ್ತು, ತೂಬಿನಿಂದ ಎಷ್ಟು ದೂರ ಇತ್ತು, ಎಷ್ಟು ಆಳ ಹೂತಿತ್ತು, ಯಾರೂ ಬರೆದಿಡಲಿಲ್ಲ. ಕಲ್ಲಿನಲ್ಲಿ ಅಕ್ಷರ ಇದೆ, ಅದೇ ಇತಿಹಾಸ, ಎಲ್ಲಿಟ್ಟರೂ ಓದಬಹುದು ಅಂತ ನಂಬಿದ್ದೆವು.

ಆಮೇಲೆ ಶಾಸನ ಓದುವವರೊಬ್ಬರನ್ನು ಕರೆಸಿದೆವು. ಕೆರೆ ಕಟ್ಟಿಸಿದವನಿಗೆ ಗದ್ದೆ ಬಿಟ್ಟುಕೊಟ್ಟ ಶಾಸನ ಅದು. ಆ ಗದ್ದೆಯ ಗಡಿಯನ್ನು ಕಲ್ಲಿನಿಂದಲೇ ಅಳೆದು ಹೇಳಿದ್ದಾರೆ: ಇಲ್ಲಿಂದ ಮೂಡಲಿಗೆ ಇಷ್ಟು, ತೆಂಕಲಿಗೆ ಇಷ್ಟು. ಈಗ ಕಲ್ಲಿನ ಮೂಡಲಿಗೆ ಹಾಲಿನ ಡೈರಿ ಇದೆ. ಕೆಳಗಿನ ಸಾಲುಗಳು ಕಾಂಕ್ರೀಟಿನೊಳಗೆ ಹೋಗಿವೆ. ಸಾಮಾನ್ಯವಾಗಿ ಶಾಸನದ ಕೊನೆಗೆ ದಾನ ಕೆಡಿಸಿದವರಿಗೆ ಶಾಪ ಇರುತ್ತದೆ, ಎಷ್ಟೋ ಸಲ ಬರೆದವನ, ಕೆತ್ತಿದವನ ಹೆಸರೂ ಇರುತ್ತದೆ. ಉಳಿ ಹಾಕಿ ಬಿಡಿಸಲು ಹೋದರೆ ಅಕ್ಷರವೂ ಎದ್ದು ಬರುತ್ತದೆ ಅಂತ ಹಾಗೇ ಬಿಟ್ಟಿದ್ದೇವೆ.

ಮೊದಲಿದ್ದ ಜಾಗ ಯಾವುದು ಅಂತ ಕೇಳಿದರೆ ಕೆರೆ ನೀರು ಬಿಡುವ ನೀರುಗಂಟಿ ತೂಬಿನ ಹತ್ತಿರ ಅನ್ನುತ್ತಾರೆ, ಉಳಿದವರು ಕೋಡಿ ಹತ್ತಿರ ಅನ್ನುತ್ತಾರೆ. ಬಿ.ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಬಂದಿದ್ದು. ಅದರಲ್ಲಿ ಶಾಸನದ ಜೊತೆ ಕಲ್ಲು ಎಲ್ಲಿ ನಿಂತಿದೆ ಅಂತಲೂ ಬರೆದಿದ್ದಾರೆ. ಆಸೆಯಿಂದ ಹುಡುಕಿದೆವು. ನಮ್ಮ ಕಲ್ಲು ಅದರಲ್ಲಿಲ್ಲ. ಅಂದರೆ ಆ ಜಾಗಕ್ಕೆ ಇದ್ದ ಒಂದೇ ಸಾಕ್ಷಿಯನ್ನು ನಾವೇ ಕಿತ್ತು ತಂದಿದ್ದೆವು.

ಅದಕ್ಕೇ ಹೇಳ್ತೀನಿ, ನಿಮಗೆ ಮ್ಯೂಸಿಯಂ ಬೇಡ, ಒಂದು ದಪ್ಪ ರಿಜಿಸ್ಟರ್ ಬೇಕು. ಪ್ರತಿ ಕಲ್ಲಿಗೂ ಒಂದು ಪುಟ ಇಡಿ. ಸುತ್ತಲಿನ ಜಾಗ ಕಾಣುವ ಹಾಗೆ ನಾಲ್ಕೂ ಕಡೆಯಿಂದ ಫೋಟೊ, ಮೊಬೈಲಿನಲ್ಲಿ ಸಿಗುವ ಜಿಪಿಎಸ್, ಸರ್ವೆ ನಂಬರ್, ಟೇಪಿನ ಅಳತೆ, ಮುಖ ಮಾಡಿದ ದಿಕ್ಕು. ಅಕ್ಷರ ಕಾಣಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಫೋಟೊ ತೆಗೆಯಿರಿ, ಇಲ್ಲ ರಾತ್ರಿ ಪಕ್ಕದಿಂದ ಟಾರ್ಚ್ ಬಿಡಿ. ನಡು ಮಧ್ಯಾಹ್ನ ಏನೂ ಕಾಣದ ಕಲ್ಲಿನಲ್ಲಿ ಆಗ ಸಾಲು ಸಾಲು ಎದ್ದು ನಿಲ್ಲುತ್ತವೆ. ಸೀಮೆಸುಣ್ಣ, ಪೇಂಟ್ ಬಳಿಯಲೇಬೇಡಿ. ತೊಳೆಯೋಕೆ ನೀರು, ಮೆತ್ತನೆ ಬ್ರಷ್ ಸಾಕು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಅಂತ ಇತಿಹಾಸ ಸಂಶೋಧನೆಯ ಸಂಸ್ಥೆ 1909ರಿಂದ ಇದೆ. ಈಗ ಅವರು ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದ್ದಾರೆ, ಅವರನ್ನು ಕೇಳಿ ನೋಡಿ.

ರಸ್ತೆಗೋ ಚರಂಡಿಗೋ ಕಲ್ಲು ಬಲಿಯಾಗುತ್ತದೆ ಅಂದಾಗ ಎತ್ತಲೇಬೇಕು, ಒಪ್ಪುತ್ತೇನೆ. ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಆಸುಪಾಸಿನದು, 2018ರಲ್ಲಿ ಚರಂಡಿ ಅಗೆಯುವಾಗ ಸಿಕ್ಕಿತು. ಜನ ಸುಮ್ನೆ ಬಿಡಲಿಲ್ಲ, ಮಂಟಪ ಕಟ್ಟಿ ಉಳಿಸಿಕೊಂಡರು. ಆದರೆ ಹೊಲದಲ್ಲಿ ನೆಟ್ಟಗೆ ನಿಂತಿರುವ ಕಲ್ಲಿಗೆ ಆ ಗತಿ ಬಂದಿಲ್ಲ ಅಲ್ವಾ?

ಹೊಲದವರ ಹತ್ತಿರ ಮೊದಲು ಮಾತಾಡಿ. ಶಾಸನ ಇದೆ ಅಂತ ಗೊತ್ತಾದರೆ ಸರ್ಕಾರ ಜಮೀನು ತಗೊಳ್ಳುತ್ತೆ ಅನ್ನುವ ಭಯಕ್ಕೇ ಎಷ್ಟೋ ಕಲ್ಲುಗಳು ಬದುವಿನಲ್ಲಿ ಮುಚ್ಚಿಹೋಗಿವೆ. ಕೆಳಗೆ ನಿಧಿ ಇದೆ ಅಂತ ರಾತ್ರಿ ಅಗೆಯುವವರ ಕಾಟ ಬೇರೆ. ಕಲ್ಲಲ್ಲಿ ಏನು ಬರೆದಿದೆ ಅಂತ ಊರವರೆಲ್ಲರ ಮುಂದೆ ಓದಿ ಹೇಳಿಸಿ, ಅದಕ್ಕಿಂತ ಒಳ್ಳೆ ಕಾವಲು ನನಗೆ ಗೊತ್ತಿಲ್ಲ.

ಸಂಘದ ನೋಂದಣಿ, ಸೀಲು, ಲೆಟರ್‌ಹೆಡ್ಡು ಆಮೇಲೆ ಆದರೂ ನಡೆಯುತ್ತದೆ. ರಿಜಿಸ್ಟರಿನ ಒಂದೊಂದು ಪ್ರತಿ ಶಾಲೆಗೆ, ಪಂಚಾಯ್ತಿ ಗ್ರಂಥಾಲಯಕ್ಕೆ ಕೊಡಿ. ಕಾರ್ಯದರ್ಶಿ ಮನೆಯಲ್ಲಿ ಮಾತ್ರ ಇಟ್ಟರೆ ಅವರು ಊರು ಬಿಟ್ಟ ದಿನ ಅದೂ ಹೋಗುತ್ತದೆ.